ಷರತ್ತಿನ ಕೈ, ಕಂತಿನ ಕೈ

ಠಾಣೆಯಿಂದ ಭಿವಂಡಿಗೆ ಹೋಗುವ ರಸ್ತೆಯಲ್ಲಿ ಕಾಲ್ಹೇರ್ ಸಿಗುತ್ತದೆ. ಗೋದಾಮುಗಳ ಊರು, ಮುಂಬೈಯವರು ಮೊಬೈಲಿನಲ್ಲಿ ಕೊಂಡ ಸಾಮಾನು ಮನೆ ಸೇರುವ ಮುಂಚೆ ತಂಗುವ ಜಾಗ. ಕ್ರಿಕೆಟ್ ಪುಟಗಳಲ್ಲಿ ಈ ಊರಿನ ಹೆಸರು ಕಾಣಿಸಿಕೊಂಡದ್ದು 2024ರ ಡಿಸೆಂಬರ್ ಕೊನೆಯ ವಾರದಲ್ಲಿ. ಡಿಸೆಂಬರ್ 21ರಂದು ವಿನೋದ್ ಕಾಂಬ್ಳಿ ಇಲ್ಲಿನ ಆಕೃತಿ ಆಸ್ಪತ್ರೆಗೆ ದಾಖಲಾದರು. ಮೂತ್ರದ ಸೋಂಕು, ಸ್ನಾಯು ಸೆಳೆತ ಎಂದು ಬಂದವರ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿರುವುದು ತಪಾಸಣೆಯಲ್ಲಿ ತಿಳಿಯಿತು. 2025ರ ಜನವರಿ 1ರಂದು ಭಾರತ ತಂಡದ ಜೆರ್ಸಿ ತೊಟ್ಟು, ಕೈಯಲ್ಲಿ ಬ್ಯಾಟ್ ಹಿಡಿದು ಹೊರಗೆ ಬಂದರು. ಆ ಹನ್ನೊಂದು ದಿನಗಳಲ್ಲಿ ಹುಟ್ಟಿದ ಒಂದು ಮಾತು ಇನ್ನೂ ಚಲಾವಣೆಯಲ್ಲಿದೆ: ಕ್ರಿಕೆಟ್ ಬಳಗ ತನ್ನವನನ್ನು ಕೈಬಿಡಲಿಲ್ಲ.

ಈ ಮಾತು ಗಳಿಸಿರುವ ಹೆಸರು ಅದರ ಯೋಗ್ಯತೆಗಿಂತ ಬಹಳ ದೊಡ್ಡದು.

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂಬ ಗಾದೆಯನ್ನು ಯಾರಾದರೂ ಇಲ್ಲಿ ನೆನಪಿಸಬಹುದು. ಆದರೆ ಮೊಳ ಹಾಕದೆ ವಿಧಿಯಿಲ್ಲ. ಕಾಲ್ಹೇರ್‌ನಲ್ಲಿ ದಟ್ಟಿ ಕೊಟ್ಟವರು ಒಬ್ಬರು, ಕೊಟ್ಟರೆಂದು ಹೊಗಳಿಸಿಕೊಂಡವರು ಮತ್ತೊಬ್ಬರು. ಬದುಕಿರುವವರೆಗೆ ಕಾಂಬ್ಳಿಗೆ ಉಚಿತ ಚಿಕಿತ್ಸೆ ಎಂದು ಘೋಷಿಸಿದ್ದು ಆಸ್ಪತ್ರೆಯ ಆಡಳಿತ. ಅದರ ಉಸ್ತುವಾರಿ ಹೊತ್ತವರು ಕಾಂಬ್ಳಿಯ ಅಭಿಮಾನಿ. ಐದು ಲಕ್ಷ ರೂಪಾಯಿ ಘೋಷಿಸಿದ್ದು ಕಲ್ಯಾಣ ಕ್ಷೇತ್ರದ ಸಂಸದ ಶ್ರೀಕಾಂತ್ ಶಿಂದೆ. ಒಬ್ಬರು ಆಸ್ಪತ್ರೆ ನಡೆಸುವವರು, ಇನ್ನೊಬ್ಬರು ರಾಜಕಾರಣಿ. ಎರಡು ಘೋಷಣೆಗಳೂ ಠಾಣೆ ಜಿಲ್ಲೆಯೊಳಗೇ ಹುಟ್ಟಿದವು. ಕ್ರಿಕೆಟ್ ತಾರೆಯರು, ಆಡಳಿತಗಾರರು ಇರುವ ಬಾಂದ್ರಾ, ಚರ್ಚ್‌ಗೇಟ್ ಕಡೆಯಿಂದ ಬಂದದ್ದಲ್ಲ.

ಕಾಂಬ್ಳಿ ಯಾರೆಂದು ಹೇಳಬೇಕಾಗಿಲ್ಲ. ಸಚಿನ್ ಜೊತೆಗಿನ ಶಾಲಾ ಜೊತೆಯಾಟ 664, ಅದರಲ್ಲಿ ತನ್ನ ರನ್ 349, ಟೆಸ್ಟ್‌ನಲ್ಲಿ 224, 227, ಸರಾಸರಿ 54.20 ಎಂದು ಸಾಲಾಗಿ ಬರೆದಿಟ್ಟರೆ ಸಾಕು, ನಲವತ್ತು ದಾಟಿದ ಓದುಗನಿಗೆ ಉಳಿದ ಕಥೆ ತಾನಾಗಿ ನೆನಪಾಗುತ್ತದೆ. ಕಾಂಜೂರ್‌ಮಾರ್ಗದ ಬಡ ವಸತಿಯಿಂದ ಕಿಟ್ ಹೊತ್ತು, ತುಂಬಿದ ಲೋಕಲ್ ರೈಲಿನಲ್ಲಿ ಶಿವಾಜಿ ಪಾರ್ಕಿಗೆ ಬರುತ್ತಿದ್ದ ಹುಡುಗ. 17 ಟೆಸ್ಟ್, 1,084 ರನ್, ನಾಲ್ಕು ಶತಕ. 23ನೇ ವಯಸ್ಸಿಗೆ ಕೊನೆಯ ಟೆಸ್ಟ್. ಮುಂದಿನದನ್ನು ಬರೆದವರು ಬಹಳ. ಅವರ ಜೊತೆಗಿನ ಜಗಳ ಆಮೇಲೆ ಇದೆ.

ಮೊದಲು ನೋಡಬೇಕಾದದ್ದು ಒಂದೇ ಒಂದು ಮಾತನ್ನು. 2024ರ ಡಿಸೆಂಬರ್ 3ರಂದು ಶಿವಾಜಿ ಪಾರ್ಕಿನಲ್ಲಿ ಗುರು ರಮಾಕಾಂತ್ ಅಚ್ರೇಕರ್ ಸ್ಮಾರಕದ ಅನಾವರಣ ನಡೆಯಿತು. ವೇದಿಕೆಯ ಮೇಲೆ ಕುಳಿತಿದ್ದ ಕಾಂಬ್ಳಿ ಸಚಿನ್ ತೆಂಡೂಲ್ಕರ್ ಕೈಯನ್ನು ಬಿಡದೆ ಹಿಡಿದುಕೊಂಡ ದೃಶ್ಯ ದೇಶವೆಲ್ಲ ಓಡಾಡಿತು. ಬೆನ್ನಿಗೇ 1983ರ ವಿಶ್ವಕಪ್ ತಂಡದ ಬಲ್ವಿಂದರ್ ಸಂಧು ಪತ್ರಿಕೆಯೊಂದಕ್ಕೆ ತಮ್ಮ ನಾಯಕ ಕಪಿಲ್ ದೇವ್ ಅವರ ನಿಲುವನ್ನು ತಿಳಿಸಿದರು. ಅದರ ತಾತ್ಪರ್ಯ ಇಷ್ಟು: ಹಣಕಾಸಿನ ನೆರವಿಗೆ ನಾವು ಸಿದ್ಧ, ಆದರೆ ಕಾಂಬ್ಳಿ ಮೊದಲು ತಾನಾಗಿ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಬೇಕು, ಸೇರಿದರೆ ಚಿಕಿತ್ಸೆ ಎಷ್ಟು ಕಾಲ ನಡೆದರೂ ಬಿಲ್ಲು ನಮ್ಮದು. ಎರಡು ದಿನದೊಳಗೆ ಇದು ದೊಡ್ಡ ಮನಸ್ಸಿನ ಮಾತೆಂದು ಎಲ್ಲೆಡೆ ಹೊಗಳಿಸಿಕೊಂಡಿತು. ಕನ್ನಡದ ವಾಟ್ಸಾಪ್ ಬಳಗಗಳಲ್ಲೂ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು.

ಈ ಮಾತನ್ನು ಬಿಡಿಸಿ ನೋಡಬೇಕು. ಕೊನೆಯ ಭಾಗದಲ್ಲಿ ಔದಾರ್ಯಕ್ಕೆ ಎಲ್ಲೆಯಿಲ್ಲ. ಎಷ್ಟು ಕಾಲವಾದರೂ ಸರಿ, ಎಷ್ಟು ಹಣವಾದರೂ ಸರಿ. ಹೊಗಳಿಕೆ ಗಳಿಸಿದ್ದು ಈ ಭಾಗ. ಆದರೆ ಅಲ್ಲಿಗೆ ತಲುಪಲು ‘ಮೊದಲು’, ‘ತಾನಾಗಿ’ ಎಂಬ ಎರಡು ಗೇಟುಗಳನ್ನು ದಾಟಬೇಕು. ವ್ಯಸನವೆಂದರೆ ಏನು? ತಾನಾಗಿ ನಿರ್ಧರಿಸುವ ಶಕ್ತಿಯೇ ಕುಗ್ಗುವ ಕಾಯಿಲೆ. ಆ ಶಕ್ತಿಯನ್ನು ಮೊದಲು ತೋರಿಸು, ಆಮೇಲೆ ಆ ಶಕ್ತಿ ಬರಿಸುವ ಚಿಕಿತ್ಸೆಗೆ ಹಣ ಕೊಡುತ್ತೇವೆ ಎಂದಂತಾಯಿತು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂದು ನಮ್ಮ ಹಳ್ಳಿಗಳಲ್ಲಿ ನಗುತ್ತಿದ್ದದ್ದು ಇಂಥ ಕರಾರುಗಳನ್ನು ನೋಡಿಯೇ.

ಇದು ಬರೀ ತರ್ಕದ ಆಟವಲ್ಲ. ಅದೇ ದಿನಗಳಲ್ಲಿ ಕಾಂಬ್ಳಿಯ ಹಳೆಯ ಗೆಳೆಯರೂ ಮಾಜಿ ಅಂಪೈರ್ ಆಗಿರುವವರೂ ಆದ ಒಬ್ಬರು ಪತ್ರಿಕೆಗೆ ಹೇಳಿದ್ದು ಬೇರೆಯೇ ಇತ್ತು. ಕಾಂಬ್ಳಿ ಈಗಾಗಲೇ ಹದಿನಾಲ್ಕು ಸಲ ಅಂಥ ಕೇಂದ್ರಗಳಿಗೆ ಹೋಗಿ ಬಂದವರು, ಮೂರು ಸಲ ವಸಯಿಗೆ ನಾವೇ ಕರೆದೊಯ್ದಿದ್ದೆವು. ಈಗ ಇರುವುದು ಒಂದಲ್ಲ, ಹಲವು ಕಾಯಿಲೆ ಎಂದು ಅವರು ಎಚ್ಚರಿಸಿದ್ದರು. ಹದಿನಾಲ್ಕು ಸಲ ಹೊಸ್ತಿಲು ತುಳಿದವನಿಗೆ ಹದಿನೈದನೆಯ ಸಲ ಹೊಸ್ತಿಲು ತುಳಿದು ತೋರಿಸು ಎನ್ನುವುದರಲ್ಲಿ ಏನು ಪರೀಕ್ಷೆ ಆದಂತಾಯಿತು? ಅಭಿಮಾನಿಗಳಿಗೆ ದೃಢವಾಗಿ ಕೇಳಿಸಿದ ಷರತ್ತು ಹತ್ತಿರದವರ ಕಿವಿಗೆ ಹಳಸಲಾಗಿ ಕೇಳಿಸಿರಬೇಕು.

ಕಾಂಬ್ಳಿ ಒಂದು ಸಂದರ್ಶನದಲ್ಲಿ ಷರತ್ತನ್ನು ಒಪ್ಪಿದರು. ಹೋಗಲು ತಯಾರು, ಯಾವುದಕ್ಕೂ ಹೆದರುವುದಿಲ್ಲ ಎಂದರು. ಕೆಲವೇ ದಿನಗಳಲ್ಲಿ ಮಲಗಿದರು. ಆಗ ಆಸ್ಪತ್ರೆಯಲ್ಲಿ ಏರತೊಡಗಿದ ಬಿಲ್ಲು ಷರತ್ತಿನಲ್ಲಿ ಹೇಳಿದ ಬಿಲ್ಲಾಗಿರಲಿಲ್ಲ. ಮಿದುಳಿನ ತಪಾಸಣೆ, ಸೋಂಕಿನ ಔಷಧ, ದಿನದಿನದ ನಿಗಾ, ಇವು ಯಾವುದೂ ವ್ಯಸನಮುಕ್ತಿ ಕೇಂದ್ರದ ರಸೀದಿಯಲ್ಲಿ ಬರುವುದಿಲ್ಲ. ದೇಹ ಷರತ್ತುಗಳ ಸರದಿ ಕಾಯುವುದಿಲ್ಲವೆಂಬುದು ಯಾವ ತಂಡದ ಫಿಸಿಯೋಗೂ ಗೊತ್ತಿರುವ ಸಂಗತಿ. ನೆರವಿನ ಮಾತು ಒಂದು ಕಾಯಿಲೆಯನ್ನು ಉದ್ದೇಶಿಸಿ ರಚನೆಯಾಗಿತ್ತು, ಬಂದದ್ದು ಇನ್ನೊಂದು. ಆಸ್ಪತ್ರೆಯವರೇ ಬಿಲ್ಲು ಮಡಚಿಟ್ಟದ್ದರಿಂದ ಈ ಅಂತರ ಯಾರ ಕಣ್ಣಿಗೂ ಬೀಳಲಿಲ್ಲ, ಹೊಗಳಿಕೆ ಮಾತ್ರ ಹಾಗೇ ಉಳಿಯಿತು.

ಕಪಿಲ್ ಪಕ್ಷದಲ್ಲೂ ಮಾತಿಲ್ಲದಿಲ್ಲ. ಕೈಗೆ ಹಣ ಕೊಟ್ಟರೆ ಅದು ಎಲ್ಲಿಗೆ ಹೋಗುತ್ತದೋ ಎಂಬ ಭಯ ವ್ಯಸನವಿರುವ ಪ್ರತಿ ಮನೆಯಲ್ಲೂ ಇದೆ, ಅದು ಸುಳ್ಳು ಭಯವೂ ಅಲ್ಲ. ಅದಕ್ಕೆ ಪರಿಹಾರ ಕಷ್ಟದ್ದೇನಲ್ಲ. ಹಣವನ್ನು ನೇರವಾಗಿ ಆಸ್ಪತ್ರೆಗೆ ಕಟ್ಟಿದರೆ ಮುಗಿಯಿತು. 1983ರ ತಂಡಕ್ಕೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ. ವಿಶ್ವಕಪ್ ಗೆದ್ದು ಬಂದಾಗ ಕ್ರಿಕೆಟ್ ಮಂಡಳಿಯ (ಬಿಸಿಸಿಐ) ಬಳಿ ಬಹುಮಾನ ಕೊಡಲು ಹಣವಿರಲಿಲ್ಲ. ಲತಾ ಮಂಗೇಶ್ಕರ್ ದೆಹಲಿಯಲ್ಲಿ ಹಾಡಿ ಹಣ ಕೂಡಿಸಿದ ಮೇಲೆ ಆಟಗಾರರಿಗೆ ತಲಾ ಒಂದು ಲಕ್ಷ ಸಿಕ್ಕಿತು. ಆ ಲಕ್ಷವನ್ನು ಹೇಗೆ ಖರ್ಚು ಮಾಡುತ್ತೀರಿ ಎಂದು ಲತಾ ಕೇಳಿದ ದಾಖಲೆ ಎಲ್ಲೂ ಇಲ್ಲ.

ಇನ್ನು ಜಗಳ. ಕಾಂಬ್ಳಿ ಬಗ್ಗೆ ಬರೆಯುವವರಲ್ಲಿ ಎರಡು ಪಂಥಗಳಿವೆ. ಮೊದಲನೆಯದು ಆಮೆ–ಮೊಲದ ಪಂಥ. ಇವರ ಪ್ರಕಾರ ಸಚಿನ್ ಆಮೆ, ಕಾಂಬ್ಳಿ ಮೊಲ. ಕಾಲ್ಹೇರ್‌ನ ಹಾಸಿಗೆ ಮೊಲಕ್ಕೆ ಸಿಕ್ಕ ಪಾಠ. ಈ ಪಂಥದ ಅಂಕಣಗಳಿಗೆ ಲೆಕ್ಕವಿಲ್ಲ. ಕಾಂಬ್ಳಿಯ ಆಟದ ಬದುಕು ಏಕೆ ಅಷ್ಟು ಬೇಗ ಮುಗಿಯಿತೆಂಬುದು ಕ್ರಿಕೆಟ್ ವಿಮರ್ಶೆಯ ವಿಷಯ. ಶಿಸ್ತು, ಆಯ್ಕೆದಾರರು, ಪುಟಿದೇಳುವ ಚೆಂಡು ಎಂದು ಎಷ್ಟು ಬೇಕಾದರೂ ವಾದಿಸಲಿ. ಆದರೆ ಆಸ್ಪತ್ರೆಯ ಬಿಲ್ಲಿಗೂ ಬ್ಯಾಟಿಂಗ್ ಸರಾಸರಿಗೂ ಏನು ಸಂಬಂಧ? ನೆರವನ್ನು ಶಿಸ್ತಿನ ಬಹುಮಾನವೆಂದು ಎಣಿಸುವವರು ಒಂದು ಕೆಲಸ ಮಾಡಲಿ, ಶಿಸ್ತಿನ ಆಟಗಾರನೊಬ್ಬನಿಗೆ ಕಾಯಿಲೆ ಬಂದಾಗ ಏನಾಯಿತೆಂದು ನೋಡಲಿ.

ಅಂಶುಮಾನ್ ಗಾಯಕವಾಡ್. ತಲೆಗೆ, ಮೈಗೆ ಪೆಟ್ಟು ತಿಂದು ವೆಸ್ಟ್ ಇಂಡೀಸ್ ವೇಗಿಗಳ ಎದುರು ನಿಂತವರು, ಎರಡು ಅವಧಿಗೆ ಭಾರತ ತಂಡದ ತರಬೇತುದಾರರಾಗಿದ್ದವರು. ನಡತೆಯ ಬಗ್ಗೆ ಯಾರೂ ಬೆರಳು ತೋರಿಸದ ಮನುಷ್ಯ. ರಕ್ತದ ಕ್ಯಾನ್ಸರ್‌ಗೆ ಲಂಡನ್ನಿನಲ್ಲಿ ಚಿಕಿತ್ಸೆ ಪಡೆಯುತ್ತಿದ್ದಾಗ ಹಣ ಸಾಲದಾಯಿತು. ಸಂದೀಪ್ ಪಾಟೀಲ್ ಪತ್ರಿಕೆಯಲ್ಲಿ ಬರೆಯಬೇಕಾಯಿತು, ಕಪಿಲ್ ತಮ್ಮ ಪಿಂಚಣಿಯನ್ನೇ ಕೊಡುತ್ತೇನೆಂದು ಹೇಳಬೇಕಾಯಿತು. ಅದಾದ ಮೇಲೆ, 2024ರ ಜುಲೈ 14ರಂದು ಬಿಸಿಸಿಐ ಒಂದು ಕೋಟಿ ಘೋಷಿಸಿತು. ಜುಲೈ 31ರಂದು ಗಾಯಕವಾಡ್ ವಡೋದರದಲ್ಲಿ ತೀರಿಕೊಂಡರು. ಹದಿನೇಳು ದಿನಗಳ ಅಂತರ. ಮೊಲಕ್ಕೊಂದು ಪಾಠವಾದರೆ, ಈ ಆಮೆಗೆ ಯಾವ ಪಾಠ?

ಎರಡನೆಯದು ಸಚಿನ್ ಏನು ಮಾಡಿದ ಎಂಬ ಪಂಥ. ಇದು ಇನ್ನೂ ಅಗ್ಗದ್ದು. ಶಿವಾಜಿ ಪಾರ್ಕಿನ ಅರ್ಧ ನಿಮಿಷದ ದೃಶ್ಯದಿಂದ ಗೆಳೆತನದ ಆಡಿಟ್ ಮಾಡಿದವರು ಇವರು. ಸಚಿನ್ ತನಗೆ ಇನ್ನಷ್ಟು ನೆರವಾಗಬಹುದಿತ್ತು ಎಂದು 2009ರ ಟಿ.ವಿ. ಕಾರ್ಯಕ್ರಮದಲ್ಲಿ ಕಾಂಬ್ಳಿ ಆಡಿದ ಮಾತನ್ನು ಈಗಲೂ ಎತ್ತುತ್ತಾರೆ, ಆಮೇಲೆ ಅವರೇ ಹೇಳಿದ್ದನ್ನು ಎತ್ತುವುದಿಲ್ಲ. 2013ರಲ್ಲಿ ಲೀಲಾವತಿ ಆಸ್ಪತ್ರೆಯಲ್ಲಿ ತಮಗಾದ ಎರಡು ಶಸ್ತ್ರಚಿಕಿತ್ಸೆಗಳ ಖರ್ಚು ಕೊಟ್ಟದ್ದು ಸಚಿನ್ ಎಂದು ಹೇಳಿದವರು ಸ್ವತಃ ಕಾಂಬ್ಳಿ. ನವಿ ಮುಂಬೈಯ ನೆರೂಲ್‌ನಲ್ಲಿ, ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ನಡೆಯುತ್ತಿದ್ದ ತೆಂಡೂಲ್ಕರ್–ಮಿಡ್ಲ್‌ಸೆಕ್ಸ್ ಅಕಾಡೆಮಿಯಲ್ಲಿ ಕೆಲಸ ಸಿಕ್ಕಿದ್ದನ್ನು ಹೇಳಿದವರೂ ಅವರೇ. ಬೆಳಗಿನ ಐದಕ್ಕೆ ಎದ್ದು ಟ್ಯಾಕ್ಸಿ ಹಿಡಿದು ನೆರೂಲ್‌ಗೆ ಹೋಗುವುದು ಕಷ್ಟವಾಗಿ ಬಿಟ್ಟೆ ಎಂದೂ 2022ರಲ್ಲಿ ಒಪ್ಪಿಕೊಂಡರು. ಮಂಡಳಿಯಿಂದ ಬರುವ 30,000 ರೂಪಾಯಿ ಪಿಂಚಣಿಯೊಂದೇ ತಮ್ಮ ಆದಾಯ, ಮುಂಬೈ ಕ್ರಿಕೆಟ್ ಸಂಸ್ಥೆ ಏನಾದರೂ ಕೆಲಸ ಕೊಡಲಿ ಎಂದು ಕೇಳಿದ್ದೂ ಅದೇ ಸಂದರ್ಶನದಲ್ಲಿ. ಸಚಿನ್‌ನಿಂದ ಏನನ್ನೂ ನಿರೀಕ್ಷಿಸುತ್ತಿಲ್ಲವೆಂದರು. ಅಂದರೆ ಎರಡು ವರ್ಷಕ್ಕೂ ಮುಂಚೆಯೇ ಮನುಷ್ಯ ಅಂಕಿಸಮೇತ ಹೇಳಿಕೊಂಡಿದ್ದ. ಆಗ ಯಾರ ಕರುಳೂ ಚುರುಕ್ ಎನ್ನಲಿಲ್ಲ, ಏಕೆಂದರೆ ಆಗ ವೀಡಿಯೋ ಇರಲಿಲ್ಲ.

ಈ ಎರಡೂ ಪಂಥಗಳಿಗೆ ಸೇರದೆ ಮೂರನೆಯ ಪ್ರಶ್ನೆ ಕೇಳುವವರೂ ಇದ್ದಾರೆ. ಹೆಸರಿದ್ದವನಿಗೆ ಇಷ್ಟಾದರೂ ಆಯಿತು, ಹೆಸರಿಲ್ಲದವರ ಗತಿಯೇನು ಎನ್ನುತ್ತಾರೆ. ಇದಕ್ಕೆ ಉತ್ತರ ಕಾಲ್ಹೇರ್‌ನಿಂದ ದೂರವಿಲ್ಲದ ಕಲ್ಯಾಣದಲ್ಲೇ ಇದೆ. 2016ರ ಜನವರಿ 4, 5ರಂದು ಭಂಡಾರಿ ಕಪ್ ಶಾಲಾ ಪಂದ್ಯದಲ್ಲಿ ಕೆ.ಸಿ. ಗಾಂಧಿ ಶಾಲೆಯ ಪ್ರಣವ್ ಧನವಾಡೆ ಔಟಾಗದೆ 1,009 ರನ್ ಹೊಡೆದ. ತಂದೆ ಆಟೋ ಓಡಿಸುವವರು. ಮುಂಬೈ ಕ್ರಿಕೆಟ್ ಸಂಸ್ಥೆ ಐದು ವರ್ಷ ತಿಂಗಳಿಗೆ 10,000 ರೂಪಾಯಿಯ ವಿದ್ಯಾರ್ಥಿವೇತನ ಘೋಷಿಸಿತು. ಒಂದೂವರೆ ವರ್ಷಕ್ಕೆ ತಂದೆಯೇ ಪತ್ರ ಬರೆದರು: ಮಗನ ಆಟ ಕುಂದಿದೆ, ಹಣ ನಿಲ್ಲಿಸಿ, ಮುಂದೆ ಚೆನ್ನಾಗಿ ಆಡಿದರೆ, ಸಂಸ್ಥೆಗೆ ಸರಿಯೆನಿಸಿದರೆ, ಮತ್ತೆ ಕೊಡಬಹುದು.

ಆ ಪತ್ರವನ್ನು ಸ್ವಾಭಿಮಾನದ ಕಥೆಯಾಗಿ ಓದಿದವರೇ ಹೆಚ್ಚು. ಸ್ವಾಭಿಮಾನವಿತ್ತು, ನಿಜ. ಆದರೆ ಹುಡುಗ ರನ್ ಹೊಡೆಯದ ತಿಂಗಳಲ್ಲಿ ಆ ಹತ್ತು ಸಾವಿರ ಸಾಲದಂತೆ ಮೈಮೇಲೆ ಕೂರುತ್ತಿತ್ತು ಎಂಬುದನ್ನೂ ಅದು ಹೇಳುತ್ತದೆ. ಯಾರೂ ಬಾಯಿಬಿಟ್ಟು ಷರತ್ತು ಹಾಕಿರಲಿಲ್ಲ, ಆಟೋ ಓಡಿಸುವ ಮನುಷ್ಯ ತಾನೇ ಹಾಕಿಕೊಂಡ. ನಮ್ಮ ಕ್ರಿಕೆಟ್‌ನಲ್ಲಿ ಕೊಡುವವನ ಕೈ ಹೇಗಿರುತ್ತದೆಂದು ತೆಗೆದುಕೊಳ್ಳುವವನಿಗೆ ಚೆನ್ನಾಗಿ ಗೊತ್ತು.

ಇಂಥ ಕೈಯ ಬಗ್ಗೆ ಇಂಗ್ಲೆಂಡಿನಲ್ಲಿ ನ್ಯಾಯಾಲಯದ ತೀರ್ಪೇ ಇದೆ. ಕೆಂಟ್ ಕೌಂಟಿಯ ಜೇಮ್ಸ್ ಸೆಮೋರ್‌ಗಾಗಿ 1920ರಲ್ಲಿ ಸಹಾಯಾರ್ಥ ಪಂದ್ಯ ನಡೆಯಿತು. ಗೇಟಿನಲ್ಲಿ ಕೂಡಿದ ಹಣಕ್ಕೆ ತೆರಿಗೆಯವರು ಕೈಹಾಕಿದರು. ಪ್ರಕರಣ ಹೌಸ್ ಆಫ್ ಲಾರ್ಡ್ಸ್ ತನಕ ಹೋಗಿ, 1927ರಲ್ಲಿ ಅದು ಸಂಪಾದನೆಯಲ್ಲ, ವ್ಯಕ್ತಿಗೆ ಕೊಟ್ಟ ಉಡುಗೊರೆ, ತೆರಿಗೆ ಇಲ್ಲ ಎಂದು ತೀರ್ಮಾನವಾಯಿತು. ಸೆಮೋರ್ ಗೆದ್ದ. ಆದರೆ ಉಡುಗೊರೆಯಾದದ್ದನ್ನು ಹಕ್ಕಿನಿಂದ ಕೇಳುವಂತಿಲ್ಲ ಎಂಬುದೂ ಆ ತೀರ್ಪಿನ ಒಳಗೇ ಇತ್ತು. ಶಾರ್ಜಾದಲ್ಲಿ 1981ರಲ್ಲಿ ಶುರುವಾದ ಪಂದ್ಯಗಳೂ ಹನೀಫ್ ಮೊಹಮ್ಮದ್, ಆಸಿಫ್ ಇಕ್ಬಾಲ್ ಅವರ ಸಹಾಯಾರ್ಥವೇ ಆರಂಭವಾದದ್ದು. ಉಡುಗೊರೆಯ ದಾರಿ ಅದು. ಯಾರಿಗೆ, ಯಾವಾಗ, ಎಷ್ಟು ಎಂಬುದು ಕೊಡುವವರ ಚಿತ್ತ.

ಮುಂಬೈ ಸುತ್ತಿನ ಕನ್ನಡಿಗರಿಗೆ ‘ಸಹಾಯಾರ್ಥ’ ಪದವನ್ನು ವಿವರಿಸಬೇಕಾಗಿಲ್ಲ. ಯಕ್ಷಗಾನ ಕಲಾವಿದ ಹಾಸಿಗೆ ಹಿಡಿದರೆ ಸಹಾಯಾರ್ಥ ಪ್ರದರ್ಶನ, ಟೆನಿಸ್ ಬಾಲ್ ಆಡುವ ಹುಡುಗನ ಕಿಡ್ನಿ ಕೆಟ್ಟರೆ ಸಹಾಯಾರ್ಥ ಪಂದ್ಯಾಟ. ಕರಾವಳಿಯಿಂದ ಬಂದವರು ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕ ಕೂಪನ್ ಪುಸ್ತಕ ಇಟ್ಟುಕೊಂಡೇ ಬೆಳೆದವರು. ಈ ಪದ್ಧತಿಗೆ ದೋಷವಿಲ್ಲವೆಂದಲ್ಲ. ವೇದಿಕೆಯ ಮೇಲೆ ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸುವಾಗ ನೋಡುವವರಿಗೇ ಮುಜುಗರವಾಗುತ್ತದೆ. ಆದರೂ ಅಲ್ಲಿ ಒಂದು ದಿನಾಂಕವಿರುತ್ತದೆ, ಕೂಡಿದ ಮೊತ್ತವನ್ನು ಮೈಕಿನಲ್ಲಿ ಓದುತ್ತಾರೆ. ಕೋಟಿಗಟ್ಟಲೆ ವಹಿವಾಟಿನ ಕ್ರಿಕೆಟ್ ಬಳಗ ಕಾಂಬ್ಳಿಗೆ ಕೊಟ್ಟ ಮೊದಲ ಮಾತಿನಲ್ಲಿ ದಿನಾಂಕವೂ ಇರಲಿಲ್ಲ, ಮೊತ್ತವೂ ಇರಲಿಲ್ಲ.

ಇವೆರಡೂ ಇದ್ದದ್ದು ಬೇರೊಂದು ಕಡೆ, ಅದನ್ನು ಹೊಗಳಿದವರು ಕಡಿಮೆ. ಸುನಿಲ್ ಗಾವಸ್ಕರ್ 1999ರಲ್ಲಿ ಕಟ್ಟಿದ ‘ಚಾಂಪ್ಸ್’ ಪ್ರತಿಷ್ಠಾನ ಕಷ್ಟದಲ್ಲಿರುವ ಮಾಜಿ ಅಂತರರಾಷ್ಟ್ರೀಯ ಕ್ರೀಡಾಪಟುಗಳಿಗೆ ನೆರವಾಗುತ್ತ ಬಂದಿದೆ. ಅದು 2025ರ ಏಪ್ರಿಲ್ 1ರಿಂದ ಕಾಂಬ್ಳಿಗೆ, ಅವರು ಬದುಕಿರುವವರೆಗೆ, ತಿಂಗಳಿಗೆ 30,000 ರೂಪಾಯಿ ಕೊಡುವುದೆಂದು ಸುದ್ದಿ ಬಂತು. ವೈದ್ಯಕೀಯ ಖರ್ಚಿಗೆಂದು ವರ್ಷಕ್ಕೆ ಬೇರೆ 30,000. ಮೊದಲು ಹೀಗಿರು ಎಂಬ ಮಾತಿಲ್ಲ. ಸುದ್ದಿಯೂ ಒಂದು ದಿನಕ್ಕೆ ಮುಗಿಯಿತು. ವೀಡಿಯೋ ಆಗುವಂಥದ್ದು ಅದರಲ್ಲಿ ಏನಿತ್ತು? ಒಂದನೇ ತಾರೀಖು ಹಣ ಜಮಾ ಆಗುವುದನ್ನು ಯಾರು ನೋಡುತ್ತಾರೆ! ಮಂಡಳಿಯ ಪಿಂಚಣಿಯಷ್ಟೇ ಮೊತ್ತ ಪಕ್ಕದಲ್ಲಿ ಬಂದು ಕೂತು ಮನೆಯ ಆದಾಯ ಎರಡು ಪಟ್ಟಾಯಿತು. ಇಡೀ ಪ್ರಕರಣದಲ್ಲಿ ಕ್ರಿಕೆಟಿಗನೊಬ್ಬ ಕ್ರಿಕೆಟಿಗನಿಗೆ ಮಾಡಿದ ಅತ್ಯುತ್ತಮ ಕೆಲಸ ಇದೇ.

ವರ್ಷಕ್ಕೆ 30,000ದ ವೈದ್ಯಕೀಯ ನೆರವು ಮಾತ್ರ ತೀರಾ ತೆಳು. ಠಾಣೆಯ ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಅದು ಎಷ್ಟು ದಿನ ಬಾಳುತ್ತದೆಂದು ಬಿಲ್ಲು ಕಟ್ಟಿದವರು ಬಲ್ಲರು. ಆ ಜಾಗವನ್ನು ಪ್ರತಿಷ್ಠಾನ ತುಂಬಬೇಕಾದದ್ದೂ ಅಲ್ಲ. ಮಹಾರಾಷ್ಟ್ರ ಸರ್ಕಾರ 2023ರಲ್ಲಿ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯ ಮಿತಿಯನ್ನು ಒಂದೂವರೆ ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿ ರಾಜ್ಯದ ಎಲ್ಲರಿಗೂ ಹರಡಲು ತೀರ್ಮಾನಿಸಿತು. ಸಂಸದರು ಘೋಷಿಸಿದ್ದೂ ಐದು ಲಕ್ಷವೇ. ಒಂದಕ್ಕೆ ಕಾರ್ಡ್ ತೋರಿಸಬೇಕು, ಇನ್ನೊಂದಕ್ಕೆ ಕಾಂಬ್ಳಿಯಾಗಿರಬೇಕು. ಕೇಂದ್ರ ಸರ್ಕಾರದ ಕ್ರೀಡಾಪಟುಗಳ ಕಲ್ಯಾಣ ನಿಧಿಯೂ 1982ರಿಂದ ಇದೆ. ಚಿಕಿತ್ಸೆಗೆ ಹತ್ತು ಲಕ್ಷದವರೆಗೆ ಕೊಡುವ ಅವಕಾಶ ಅದರಲ್ಲಿದೆ. ಅದರ ಹೆಸರು ಎಷ್ಟು ಕ್ಲಬ್ ಕಾರ್ಯದರ್ಶಿಗಳ ಬಾಯಲ್ಲಿ ಬರುತ್ತದೆ, ಕೇಳಿ ನೋಡಿ.

ಹಣವಿಲ್ಲವೆಂಬ ಮಾತನ್ನು ಯಾರೂ ಆಡುವಂತಿಲ್ಲ. 2025ರ ನವೆಂಬರ್ 2ರಂದು ಅದೇ ನೆರೂಲ್‌ನ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ವಿಶ್ವಕಪ್ ಗೆದ್ದರು, ಬಿಸಿಸಿಐ 51 ಕೋಟಿ ಬಹುಮಾನ ಘೋಷಿಸಿತು. ಪ್ರತಿ ರೂಪಾಯಿಗೂ ಅವರು ಅರ್ಹರು. ಗೆದ್ದವರಿಗೆ ಅಷ್ಟು ಬೇಗ ಲೆಕ್ಕ ಹಾಕಬಲ್ಲ ಮಂಡಳಿ, ಮಲಗಿದವರಿಗೆ ಕೊಡಬೇಕಾದುದನ್ನು ಅಂಕಣಕಾರನೊಬ್ಬ ಬರೆಯುವ ತನಕ ಕಾಯಿಸಿದ್ದು ಗಾಯಕವಾಡ್ ವಿಷಯದಲ್ಲಿ ಕಂಡಿದ್ದೇ ಆಗಿದೆ. 2022ರ ಜೂನ್‌ನಲ್ಲಿ ಪಿಂಚಣಿ ಏರಿಸಿದಾಗ ಸುಮಾರು 900 ಮಂದಿಗೆ ಅನುಕೂಲವಾಯಿತು. ಪ್ರಥಮ ದರ್ಜೆಯ ಆಟಗಾರರಿಗೆ 15,000 ಇದ್ದದ್ದು 30,000 ಆಯಿತು. ಮಂಡಳಿ ಮಾಡಿದ ಒಳ್ಳೆಯ ಕೆಲಸ ಅದು, ನಿಯಮದ ಕೆಲಸವಾದ್ದರಿಂದಲೇ ಒಳ್ಳೆಯದು.

ಡೊಂಬಿವಲಿಯ ಬೀದಿಗಳು ಅಜಿಂಕ್ಯ ರಹಾನೆಯನ್ನು ಕೊಟ್ಟಿವೆ. ಅದೇ ಊರಿನಲ್ಲಿ, ಕಲ್ಯಾಣದಲ್ಲಿ, ಠಾಣೆಯಲ್ಲಿ ಶನಿವಾರ–ಭಾನುವಾರ ಫ್ಲಡ್‌ಲೈಟಿನ ಕೆಳಗೆ ಟೆನಿಸ್ ಬಾಲ್ ಆಡುವ ನೂರಾರು ಹುಡುಗರಿಗೆ ಮಂಡಳಿಯ ಪಿಂಚಣಿಯೂ ಬಾರದು, ಗಾವಸ್ಕರ್ ಅವರ ಕಂತೂ ಬಾರದು. ಅಲ್ಲಿ ಟೂರ್ನಿ ನಡೆಸುವ ನಮ್ಮ ಕನ್ನಡ ಸಂಘಗಳವರು, ಹೋಟೆಲಿನವರು, ಈ ಸಲ ಟ್ರೋಫಿಗೆ ಆರ್ಡರ್ ಕೊಡುವ ಮೊದಲು ಪ್ರತಿ ತಂಡದ ಪ್ರವೇಶ ಶುಲ್ಕದಲ್ಲಿ ಹನ್ನೊಂದು ಜನರ ವಿಮೆಯ ಕಂತು ಹಿಡಿಯುತ್ತದೋ ಇಲ್ಲವೋ ಎಂದು ಒಬ್ಬ ಏಜೆಂಟನನ್ನು ಕರೆಸಿ ಕೇಳಲಿ.